ಬಾಡಿಗೆ ಕಾರಿಗೂ ಹೊಂದುವ ಮಗುವಿನ ಸೀಟು: ಆರಿಸುವುದು ಹೇಗೆ?

ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಬೇಕು ಅಂದರೆ ನಮ್ಮ ಚಿಕ್ಕಬಳ್ಳಾಪುರದಲ್ಲಿ ಮೊದಲು ಕಾರು ಯಾರದ್ದು ಅಂತ ಮಾತು ಶುರುವಾಗುತ್ತದೆ. ಒಂದು ಸಲ ಭಾವನದ್ದು, ಇನ್ನೊಂದು ಸಲ ಬಾಡಿಗೆಯದ್ದು. ಕಾರು ಯಾವುದೇ ಇರಲಿ, ಮೂರು ನಾಲ್ಕು ವರ್ಷದ ಮಗುವಿನ ಜಾಗ ಮಾತ್ರ ಬದಲಾಗುವುದಿಲ್ಲ, ಅಜ್ಜಿಯ ತೊಡೆ.

ಒಂದು ಲೆಕ್ಕ ಹೇಳುತ್ತೇನೆ. ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದ ಕಾರು ಯಾವುದಕ್ಕೋ ಗುದ್ದಿ ಅರ್ಧ ಮೀಟರ್ ಒಳಗೆ ನಿಂತಿತು ಅಂದುಕೊಳ್ಳಿ. ಆ ಕ್ಷಣದಲ್ಲಿ 15 ಕೆ.ಜಿ. ಮಗುವನ್ನು ಹಿಡಿದಿಡಲು ಸುಮಾರು 300 ಕೆ.ಜಿ. ಎತ್ತುವಷ್ಟು ಬಲ ಬೇಕು. ಅಂದರೆ 50 ಕೆ.ಜಿ.ಯ ಆರು ಮೂಟೆ ಆಲೂಗಡ್ಡೆ. ಅಜ್ಜಿ ಎಷ್ಟೇ ಗಟ್ಟಿಯಾಗಿ ತಬ್ಬಿಕೊಂಡಿದ್ದರೂ ಕೈ ಬಿಟ್ಟುಹೋಗುತ್ತದೆ. ಕಾನೂನು ಕೂಡ ಇದನ್ನೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಬಿ ಸೆಕ್ಷನ್ ಪ್ರಕಾರ, 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟೋ ಮಕ್ಕಳ ಸೀಟೋ ಇಲ್ಲದೆ ಕಾರು ಓಡಿಸಿದರೆ 1,000 ರೂಪಾಯಿ ದಂಡ.

ನಾವು ಮೊದಲು ತಂದಿದ್ದು 9 ಕೆ.ಜಿ.ಯ ದೊಡ್ಡ ಸೀಟು. ಮೆತ್ತಗೆ, ಚೆನ್ನಾಗೇ ಇತ್ತು. ಆದರೆ ಪ್ರತಿ ಸಲ ಒಂದು ಕಾರಿನಿಂದ ಬಿಚ್ಚಿ ಇನ್ನೊಂದಕ್ಕೆ ಕಟ್ಟುವುದು ಯಾರ ಕೈಲೂ ಆಗಲಿಲ್ಲ. ಕೊನೆಗೆ ಸೀಟು ಮನೆಯಲ್ಲಿ, ಮಗಳು ತೊಡೆ ಮೇಲೆ. ಊರಿಂದ ಊರಿಗೆ ಓಡಾಡುವವರಿಗೆ ಹಗುರವಾದ ಸೀಟೇ ಬೇಕು ಅಂತ ನಾನು ಹೇಳುವುದು ಅದಕ್ಕೇ. ಆದರೆ ತೂಕವನ್ನು ಕೊನೆಗೆ ನೋಡಿ. ಮೊದಲು ಮಗುವಿಗೆ ಹೊಂದಬೇಕು, ಆಮೇಲೆ ಕಾರಿಗೆ.

ಮೊದಲು ಮಗುವನ್ನು ಅಳೆಯಿರಿ

ಸೀಟಿನ ಡಬ್ಬದ ಮೇಲಿರುವ ವಯಸ್ಸನ್ನು ನೆಚ್ಚಿಕೊಳ್ಳಬೇಡಿ. ತೂಕ, ಎತ್ತರ ನೋಡಿ. ಮಗು ಅಂಗನವಾಡಿಗೆ ಹೋಗುತ್ತಿದ್ದರೆ ಅಲ್ಲಿ ತೂಕ ಬರೆದೇ ಇರುತ್ತಾರೆ, ಕೇಳಿ. ಮನೆಯಲ್ಲಾದರೆ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, ಪೆನ್ಸಿಲ್ ಗುರುತು ಹಾಕಿ, ಟೇಪು ಹಿಡಿದರೆ ಸಾಕು. ನಾಲ್ಕು ವರ್ಷದ ಮಗು ಸಾಮಾನ್ಯವಾಗಿ 16 ಕೆ.ಜಿ., 103 ಸೆಂ.ಮೀ. ಆಸುಪಾಸು ಇರುತ್ತದೆ. ನಮ್ಮ ಕಡೆ ಸ್ವಲ್ಪ ಸಣ್ಣ ಮಕ್ಕಳೂ ಜಾಸ್ತಿ.

ಈ ವಯಸ್ಸಿಗೆ ಐದು ಕಡೆ ಬಿಗಿಯುವ ಬೆಲ್ಟಿನ ಸೀಟೇ ಒಳ್ಳೆಯದು. ಎರಡು ಹೆಗಲು, ಎರಡು ಸೊಂಟ, ಕಾಲುಗಳ ನಡುವೆ ಒಂದು. ಬರೀ ದಿಂಬಿನಂತಿರುವ ಬೂಸ್ಟರ್ ತುಂಬಾ ಹಗುರ, ನಿಜ. ಆದರೆ ಅದರ ಮೇಲೆ ಕೂರುವ ಮಗು ಕಾರಿನ ಬೆಲ್ಟನ್ನೇ ನಂಬಿಕೊಂಡು ನೆಟ್ಟಗೆ ಕೂತಿರಬೇಕು. ಮೂರು ವರ್ಷದ ಮಗು ದೇವನಹಳ್ಳಿ ಬರುವಷ್ಟರಲ್ಲಿ ನಿದ್ದೆಗೆ ಜಾರಿ ಪಕ್ಕಕ್ಕೆ ವಾಲಿರುತ್ತದೆ. ಯುರೋಪಿನ ಹೊಸ ನಿಯಮದಲ್ಲಿ ಬೆನ್ನಿಲ್ಲದ ಬೂಸ್ಟರಿಗೆ ಮಗು 125 ಸೆಂ.ಮೀ. ದಾಟಿರಬೇಕು. ಅಷ್ಟು ಎತ್ತರ ಬರುವ ಹೊತ್ತಿಗೆ ಮಗು ಒಂದನೇ ಕ್ಲಾಸು ದಾಟಿರುತ್ತದೆ.

ಆಮೇಲೆ ಚೀಟಿ ನೋಡಿ

ಸೀಟಿನ ಹಿಂಭಾಗದಲ್ಲೋ ಅಡಿಯಲ್ಲೋ ಕಿತ್ತಳೆ ಬಣ್ಣದ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ. ಆರ್44 ಅಥವಾ ಆರ್129 ಎಂಬ ಯುರೋಪಿನ ಪರೀಕ್ಷೆಯಲ್ಲಿ ಪಾಸಾದ ಗುರುತು ಅದು. ಆರ್129 ಹೊಸದು, ಮಗುವಿನ ಎತ್ತರದ ಲೆಕ್ಕದಲ್ಲಿ ಸೀಟು ವಿಂಗಡಿಸುತ್ತದೆ. ಹಳೆಯ ಆರ್44ರಲ್ಲಿ ತೂಕದ ಲೆಕ್ಕ, ನಮ್ಮ ಮಕ್ಕಳಿಗೆ 9ರಿಂದ 18 ಕೆ.ಜಿ.ಯ ಗುಂಪು. ಭಾರತದ್ದೇ ಮಾನದಂಡ ಎಐಎಸ್-072.

ಇಂಥ ಯಾವ ಗುರುತೂ ಇಲ್ಲದ ಬಟ್ಟೆಯ ಸೀಟುಗಳು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತವೆ. ಒಂದು ಹಾಸಿನಂಥ ಬಟ್ಟೆ, ಎರಡು ಪಟ್ಟಿ, ಅಷ್ಟೇ. ತೂಕ ಒಂದು ಕೆ.ಜಿ.ಯೂ ಇಲ್ಲ. ದಯವಿಟ್ಟು ಅದನ್ನು ತರಬೇಡಿ. ಅದು ಮಗು ಅಲ್ಲಾಡದಂತೆ ಕಟ್ಟಿಹಾಕುತ್ತದೆಯೇ ಹೊರತು, ಅಪಘಾತದಲ್ಲಿ ಕಾಪಾಡುವ ಕೆಲಸ ಮಾಡುವುದಿಲ್ಲ. ಗಟ್ಟಿ ಚೌಕಟ್ಟು ಇರುವ, ಪಾಸಾದ ಸೀಟುಗಳಲ್ಲೇ 3ರಿಂದ 5 ಕೆ.ಜಿ.ಯವು ಇವೆ. ಕೆಲವು ಮಡಚಿ ಚೀಲಕ್ಕೂ ಹಾಕಬಹುದು.

ನೀವು ಹತ್ತುವ ಕಾರನ್ನು ಮುಟ್ಟಿ ನೋಡಿ

ಎಲ್ಲರೂ ಎಡವುವುದು ಇಲ್ಲಿಯೇ. ಬಾಡಿಗೆ ಕಾರಿನ ಹಿಂದಿನ ಸೀಟಿಗೆ ದಪ್ಪ ರೆಕ್ಸಿನ್ ಕವರ್ ಹೊಲಿಸಿರುತ್ತಾರೆ. ಬೆನ್ನು ಮತ್ತು ಕೂರುವ ಜಾಗದ ನಡುವಿನ ಸಂದಿಗೆ ಬೆರಳು ತೂರಿಸಿ ತಡಕಿ. ತಣ್ಣಗೆ, ಗಟ್ಟಿಯಾಗಿ ಎರಡು ಕಬ್ಬಿಣದ ಕಂಬಿ ಸಿಕ್ಕಿದರೆ ಅದೇ ಐಸೋಫಿಕ್ಸ್, ಅಂದರೆ ಬೆಲ್ಟಿಲ್ಲದೆ ಮಗುವಿನ ಸೀಟನ್ನು ನೇರವಾಗಿ ಸಿಕ್ಕಿಸುವ ಕೊಂಡಿ. ಹಳೆಯ ಕಾರುಗಳಲ್ಲಿ ಅದು ಇರುವುದೇ ಇಲ್ಲ. ಇದ್ದರೂ ಕವರ್ ಅದನ್ನು ಮುಚ್ಚಿರುತ್ತದೆ. ಬೆಲ್ಟಿನ ಬಕಲ್ ಕೂಡ ಎಷ್ಟೋ ಸಲ ಕವರಿನಡಿ ಹೂತುಹೋಗಿರುತ್ತದೆ. ಹಿಂದೆ ಕೂರುವವರು ಬೆಲ್ಟ್ ಹಾಕುವುದೇ ಇಲ್ಲವಲ್ಲ. ಬುಕ್ ಮಾಡುವಾಗಲೇ ಡ್ರೈವರಿಗೆ, 'ಅಣ್ಣಾ, ಹಿಂದಿನ ಬೆಲ್ಟು ಈಚೆ ತೆಗೆದಿಡಿ, ಮಗು ಸೀಟು ಕಟ್ಟಬೇಕು' ಅಂತ ಹೇಳಿಬಿಡಿ.

ಆದ್ದರಿಂದ ಕಾರು ಬದಲಾಗುತ್ತಲೇ ಇರುವವರಿಗೆ ನನ್ನ ಸಲಹೆ ಇಷ್ಟೇ. ಕಾರಿನ ಮೂರು ಪಾಯಿಂಟ್ ಬೆಲ್ಟಿನಿಂದಲೂ (ಸೊಂಟ, ಹೆಗಲು ಎರಡನ್ನೂ ಹಿಡಿಯುವ ಬೆಲ್ಟು) ಕಟ್ಟಬಹುದಾದ ಸೀಟನ್ನೇ ತನ್ನಿ. ಐಸೋಫಿಕ್ಸ್ ಮಾತ್ರ ಇರುವುದು ಬೇಡ. ಕಬ್ಬಿಣದ ತೋಳು ಇರುವುದರಿಂದ ಅದರ ತೂಕವೂ ಜಾಸ್ತಿ.

ಅಮೆರಿಕದಿಂದ ಬರುವ ನೆಂಟರ ಕೈಲಿ ಹಗುರವಾದ ಸೀಟು ತರಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಅಲ್ಲಿನ ಕಾರುಗಳಲ್ಲಿ ಬೆಲ್ಟನ್ನು ಪೂರ್ತಿ ಎಳೆದು ಬಿಟ್ಟರೆ ಕಟಕಟ ಸದ್ದು ಮಾಡುತ್ತಾ ಒಳಗೆ ಹೋಗಿ, ಮತ್ತೆ ಸಡಿಲವಾಗದಂತೆ ನಿಲ್ಲುತ್ತದೆ. ಅಲ್ಲಿನ ಸೀಟುಗಳು ಇದನ್ನು ನಂಬಿಕೊಂಡಿರುತ್ತವೆ. ನಮ್ಮ ಬಹಳಷ್ಟು ಕಾರುಗಳ ಹಿಂದಿನ ಬೆಲ್ಟು ಜೋರಾಗಿ ಎಳೆದಾಗ ಮಾತ್ರ ಲಾಕ್ ಆಗುತ್ತದೆ, ಮೆಲ್ಲಗೆ ಎಳೆದರೆ ಬರುತ್ತಲೇ ಇರುತ್ತದೆ. ಹಾಗಾಗಿ ಬೆಲ್ಟನ್ನು ಕಚ್ಚಿ ಹಿಡಿಯುವ ಕ್ಲಿಪ್ಪು ಸೀಟಿನಲ್ಲೇ ಇದೆಯಾ ಅಂತ ವಿಚಾರಿಸಿ.

ಕಟ್ಟುವ ಬಗೆ

ಸೀಟನ್ನು ಹಿಂದೆಯೇ ಕಟ್ಟಬೇಕು. ಸೀಟಿನ ಮೇಲೆ ನಿಮ್ಮ ಒಂದು ಮಂಡಿ ಊರಿ, ಮೈಭಾರ ಬಿಟ್ಟು, ಬೆಲ್ಟನ್ನು ಎಳೆದು ಬಿಗಿ ಮಾಡಿ. ಈಗ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಸೀಟು ಹಿಡಿದು ಅಲ್ಲಾಡಿಸಿ. ಒಂದು ಅಂಗುಲಕ್ಕಿಂತ ಜಾಸ್ತಿ ಸರಿದರೆ ಬಿಚ್ಚಿ ಮತ್ತೆ ಕಟ್ಟಿ. ಮೇಲೆ ಕಟ್ಟುವ ಪಟ್ಟಿ ಕೊಟ್ಟಿದ್ದರೆ ಅದನ್ನೂ ಕಾರಿನ ಕೊಂಡಿಗೆ ಸಿಕ್ಕಿಸಿ.

ಮಗು ಮುಂದಕ್ಕೆ ಮುಖ ಮಾಡಿ ಕೂರುವ ಸೀಟಿನಲ್ಲಿ ಹೆಗಲ ಪಟ್ಟಿ ಹೆಗಲಿನ ಮಟ್ಟದಿಂದ ಅಥವಾ ಸ್ವಲ್ಪ ಮೇಲಿನಿಂದ ಬರಬೇಕು. ಬಿಗಿ ಮಾಡಿದ ಮೇಲೆ ಹೆಗಲ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ. ಬಟ್ಟೆ ಮಡಿಕೆಯಾಗಿ ಸಿಕ್ಕರೆ ಇನ್ನೂ ಸಡಿಲ ಇದೆ ಅಂತ.

ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಹೊರಡುವವರು ಮಗುವಿಗೆ ದಪ್ಪ ಜರ್ಕಿನ್ ಹಾಕಿ ಅದರ ಮೇಲೇ ಬೆಲ್ಟ್ ಬಿಗಿಯುತ್ತಾರೆ. ಕೈಗೆ ಬಿಗಿ ಅನ್ನಿಸುತ್ತದೆ. ಗುದ್ದಿದಾಗ ಜರ್ಕಿನ್ನಿನ ಹತ್ತಿ ಒತ್ತಿಹೋಗಿ ಅಷ್ಟೂ ಸಡಿಲ ಒಂದೇ ಸಲ ಈಚೆ ಬರುತ್ತದೆ. ತೆಳು ಸ್ವೆಟರ್ ಹಾಕಿ ಬೆಲ್ಟ್ ಬಿಗಿದು, ಆಮೇಲೆ ಮೇಲಿನಿಂದ ಶಾಲು ಹೊದಿಸಿ.

ಮಗುವಿಗೆ ಹಿತವಾಗಿದೆಯಾ?

ಹಗುರವಾದ ಸೀಟುಗಳಲ್ಲಿ ಮೆತ್ತೆ ತೆಳು, ಹಿಂದಕ್ಕೆ ಒರಗುವುದೂ ಕಡಿಮೆ. ಹಾಗಂತ ಬೆನ್ನ ಹಿಂದೆ, ಅಡಿಯಲ್ಲಿ ದಿಂಬು ತುರುಕಬಾರದು, ಬೆಲ್ಟ್ ಸಡಿಲವಾಗುತ್ತದೆ. ಅಂಗಡಿಯಲ್ಲೇ ಮಗುವನ್ನು ಹತ್ತು ನಿಮಿಷ ಕೂರಿಸಿ. ತೊಡೆಗೆ ಅಂಚು ಒತ್ತುತ್ತದಾ, ತಲೆಗೆ ಪಕ್ಕದಲ್ಲಿ ಆಸರೆ ಇದೆಯಾ ನೋಡಿ. ಬಟ್ಟೆ ಬಿಚ್ಚಿ ಒಗೆಯುವಂತಿರಲಿ. ನಂದಿ ಬೆಟ್ಟದ ತಿರುವುಗಳಲ್ಲಿ ವಾಂತಿ ಮಾಡದ ಮಕ್ಕಳು ಕಡಿಮೆ.

ಬಿಸಿಲಿನ ವಿಷಯ ನಾವು ಕಲಿತದ್ದು ಭೋಗನಂದೀಶ್ವರ ದೇವಸ್ಥಾನದ ಹತ್ತಿರ. ಮಧ್ಯಾಹ್ನ ವಾಪಸ್ ಬಂದು ಮಗಳನ್ನು ಕೂರಿಸಿದ್ದೇ ತಡ, ಬಕಲಿನ ಲೋಹ ತೊಡೆಗೆ ತಾಗಿ ಚೀರಿಕೊಂಡಳು. ಕೆಂಪು ಗುರುತು ಸಂಜೆವರೆಗೂ ಇತ್ತು. ಅವತ್ತಿನಿಂದ ಇಳಿಯುವಾಗ ಸೀಟಿನ ಮೇಲೆ ಬಿಳಿ ಪಂಚೆ ಹೊದಿಸುತ್ತೇವೆ. ಹತ್ತಿಸುವ ಮುಂಚೆ ಬಕಲನ್ನು ಕೈಯಲ್ಲಿ ಮುಟ್ಟಿ ನೋಡುತ್ತೇವೆ.

ಯಾರಾದರೂ ಬಳಸಿದ ಸೀಟು ಕೊಟ್ಟರೆ, ಅದು ಅಪಘಾತಕ್ಕೆ ಸಿಕ್ಕಿತ್ತಾ ಅಂತ ನೇರವಾಗಿ ಕೇಳಿ. ಸಿಕ್ಕಿದ್ದರೆ ಬೇಡ. ಪ್ಲಾಸ್ಟಿಕ್ಕಿನ ಮೇಲೆ ತಯಾರಾದ ದಿನಾಂಕ ಅಚ್ಚಾಗಿರುತ್ತದೆ, ಎಷ್ಟು ವರ್ಷ ಬಳಸಬಹುದು ಎಂಬುದು ಕೈಪಿಡಿಯಲ್ಲಿರುತ್ತದೆ, ಎರಡನ್ನೂ ನೋಡಿ.

ಹೊಸ ಸೀಟು ತಂದ ದಿನವೇ ತಿರುಪತಿಗೆ ಹೊರಡಬೇಡಿ. ಮೊದಲು ಮಗುವನ್ನು ಕೂರಿಸಿ ನಂದಿ ಗ್ರಾಮದವರೆಗೆ ಹೋಗಿ ಬನ್ನಿ. ಅಜ್ಜಿ ಪಕ್ಕದ ಸೀಟಿನಲ್ಲಿ ಕೂರಲಿ, ಅವರೂ ಬೆಲ್ಟ್ ಹಾಕಿಕೊಳ್ಳಲಿ. ಮಗು ಅತ್ತರೆ ಕೈ ಹಿಡಿದುಕೊಳ್ಳಲು ಅವರು ಅಲ್ಲೇ ಇರುತ್ತಾರೆ.