ನಿದ್ದಿ ಹತ್ತವಲ್ದು ಅನ್ನೋರಿಗೆ

ಅಣ್ಣಾರ, ಅಕ್ಕಾರ, ನಿನ್ನೆ ರಾತ್ರಿ 2ಕ್ಕ ಗ್ರೂಪಿನ್ಯಾಗ ಐದಾರು ಮಂದಿ ಎಚ್ಚರ ಇದ್ರಿ, ಅದಕ್ಕ ಬರೀಲಿಕತ್ತೀನಿ. ವಿಜಯಪುರದ ಬ್ಯಾಸಗಿ ಶೆಕಿಗೆ ನಾಕು ದಿನ ನಿದ್ದಿ ಕೆಡೋದು ರೋಗ ಅಲ್ಲ. ವಾರಕ್ಕ 3 ರಾತ್ರಿಯಂಗ 3 ತಿಂಗಳು ನಡದು, ಹಗಲಿನ ಕೆಲಸಕ್ಕೂ ಅಡ್ಡಿ ಆದ್ರ ಅದು ದೀರ್ಘಕಾಲದ ನಿದ್ರಾಹೀನತೆ, ಡಾಕ್ಟರ್‌ಗೆ ತೋರಸ್ರಿ. ಗೊರಕಿ ನಡುವ ಉಸಿರು ನಿಂತಂಗ ಆಗ್ತಿದ್ರ ಅಷ್ಟು ದಿನ ಕಾಯಬ್ಯಾಡ್ರಿ. ಬದುಕೇ ಬ್ಯಾಡ ಅನ್ಸಿದ್ರಂತೂ ಆ ಹೊತ್ತಿಗೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚರಿ. ಹಗಲು ರಾತ್ರಿ ಇರ್ತದ, ಪುಕ್ಕಟೆ.

ನನ್ನ ನಿದ್ದಿ ಕೆಡಿಸಿದ್ದು ಸಂಜಿ 6ರ ಖಡಕ್ ಚಾ. ಅದರಾಗಿನ ನಿದ್ದಿ ಓಡಸೋ ಕೆಫೀನ್ ಮೈಯಾಗ ಅರ್ಧಕ್ಕ ಇಳೀಲಿಕ್ಕೇ ಸುಮಾರು 5 ತಾಸು ಬೇಕು. ಈಗ ಮಧ್ಯಾಹ್ನದ ಊಟ ಆದಮ್ಯಾಲೆ ಚಾ ಬಂದ್. 20 ನಿಮಿಷಕ್ಕೂ ಕಣ್ಣು ಮುಚ್ಚಲಿಲ್ಲಂದ್ರ ಎದ್ದು ಕಟ್ಟಿ ಮ್ಯಾಲೆ ಕುಂದರ್ತೀನಿ, ಮೊಬೈಲ್ ಒಳಗ ಇಟ್ಟು. ಡಾಕ್ಟರ್ ಚೀಟಿ ಇಲ್ಲದ ನಿದ್ದಿ ಗುಳಿಗಿ ಮಾತ್ರ ಮುಟ್ಟಬ್ಯಾಡ್ರಿ.