ಗುಂಡಿನ ಮರೆಯ ಮೋಟರ್ ಮನೆ

ಆನೆಗೊಂದಿ ಕಡೆ ಬಂದವರಿಗೆ ಗೊತ್ತು, ಇಲ್ಲಿ ಎತ್ತ ನೋಡಿದರೂ ಗುಂಡುಗಳೇ, ಅಂದರೆ ದೊಡ್ಡ ದೊಡ್ಡ ಬಂಡೆಗಳೇ. ನಮ್ಮ ಮನೆಯಿಂದ ಬಾಳೆತೋಟದ ಮೋಟರ್ ಮನೆಗೆ ನೇರಕ್ಕೆ 800 ಮೀಟರ್. ನಡುವೆ ಒಂದು ಕಲ್ಲುಗುಡ್ಡ. ಕೇಬಲ್ ಕಳ್ಳರ ಕಾಟಕ್ಕೆ ಅಲ್ಲೊಂದು ಕ್ಯಾಮೆರಾ ಬೇಕಿತ್ತು. ಮೋಟರನ್ನೂ ಮನೆಯಿಂದಲೇ ಆನ್ ಮಾಡುವ ಆಸೆ.

ಕಿಲೋಮೀಟರ್‌ಗಟ್ಟಲೆ ಹೋಗುತ್ತೆ ಅಂತ ಡಬ್ಬಿ ಮೇಲೆ ಬರೆದಿದ್ದ 5.8 ಗಿಗಾಹರ್ಟ್ಸ್ ವೈಫೈ ಡಿಶ್ ಜೋಡಿ ತಂದೆ. ಎರಡು ದಿನ ತಿರುಗಿಸಿದೆ. ಕತ್ತು ನೋವು ಬಂತು, ಸಿಗ್ನಲ್ ಬರಲಿಲ್ಲ. ಪಕ್ಕದಲ್ಲೇ ಅಪ್ಪನ ರೇಡಿಯೋದಲ್ಲಿ ಹೊಸಪೇಟೆ ಆಕಾಶವಾಣಿ ಹಾಡುತ್ತಿತ್ತು. "ಇದು ಅಷ್ಟು ದೂರದಿಂದ ಬರ್ತೈತಿ, ನಿಂದು ಮನಿಯಿಂದ ಯಾಕ ಬರವಲ್ದು?" ಅಂದರು.

ಆ ಪ್ರಶ್ನೆಗೇ ನಾನು ಲೆಕ್ಕಕ್ಕೆ ಕೂತದ್ದು. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರ್‌ನಲ್ಲಿ ಸಿಗುತ್ತದೆ. ಎಫ್‌ಎಂ ಸುಮಾರು 100 ಮೆಗಾಹರ್ಟ್ಸ್, ಅಂದರೆ 3 ಮೀಟರ್. ನನ್ನ ಡಿಶ್‌ನದು ಬರೀ 5 ಸೆಂಟಿಮೀಟರ್. ಉದ್ದನೆಯ ಅಲೆ ಗುಡ್ಡದ ಅಂಚಿನಲ್ಲಿ ಬಾಗಿ ಹಿಂದಕ್ಕೂ ಒಂದಿಷ್ಟು ಇಳಿಯುತ್ತದೆ. ಗಿಡ್ಡ ಅಲೆ ಹೆಚ್ಚುಕಡಿಮೆ ಬೆಳಕಿದ್ದ ಹಾಗೆ, ಅಡ್ಡ ಬಂದದ್ದರ ಹಿಂದೆ ನೆರಳು ಬೀಳುತ್ತದೆ. ಮೋಟರ್ ಮನೆ ಆ ನೆರಳಲ್ಲೇ ಇತ್ತು. ಸ್ಟೇಷನ್ನಿನ ಪವರ್ರೂ ಜಾಸ್ತಿ, ಟವರ್ರೂ ಎತ್ತರ ಅನ್ನಿ.

ಮೋಟರ್‌ಗೆ 865 ಮೆಗಾಹರ್ಟ್ಸ್‌ನ ಲೋರಾ ಹಾಕಿದೆ, ಚಿಕ್ಕ ಸಂದೇಶವನ್ನು ದೂರಕ್ಕೆ ಕಳಿಸುವ ರೇಡಿಯೋ ಅದು. ನಮ್ಮ ದೇಶದಲ್ಲಿ 865ರಿಂದ 868ರವರೆಗೆ ಕಡಿಮೆ ಪವರ್ ಬಳಕೆಗೆ ಲೈಸೆನ್ಸ್ ಬೇಡ. ಅಲೆ 35 ಸೆಂಟಿಮೀಟರ್. ಮೊದಲ ದಿನವೇ ಗುಡ್ಡ ಬಳಸಿ ಹೋಯಿತು! ಆದರೆ ಎಲ್ಲಾ ಅಲೆಯ ಮಹಿಮೆ ಅಲ್ಲ. ಲೋರಾ ತುಂಬಾ ನಿಧಾನವಾಗಿ ಮಾತಾಡುತ್ತೆ, ಅದಕ್ಕೇ ಪಿಸುಮಾತಿನಂಥ ಸಿಗ್ನಲ್ಲೂ ಅದಕ್ಕೆ ಸಾಕು. ಆನ್, ಆಫ್ ಹೇಳೋಕೆ ಇನ್ನೇನು ಬೇಕು? ವಿಡಿಯೋ ಮಾತ್ರ ಅದರಲ್ಲಿ ಹೋಗಲ್ಲ.

ಕ್ಯಾಮೆರಾಕ್ಕೆ ಬೇರೆ ದಾರಿ ಇರಲಿಲ್ಲ. ಎರಡೂ ಕಡೆ ಕಾಣುವ ಗುಂಡಿನ ನೆತ್ತಿಗೆ ಪೈಪ್ ನಿಲ್ಲಿಸಿ, ಸೋಲಾರ್ ಪ್ಯಾನೆಲ್ ಜೊತೆ ಇನ್ನೊಂದು ಜೋಡಿ ಡಿಶ್ ಕಟ್ಟಿದೆ. ಮಂಗಗಳು ಎರಡು ಸಲ ಅದರ ದಿಕ್ಕು ಬದಲಿಸಿದವು, ಮುಳ್ಳುತಂತಿ ಸುತ್ತಬೇಕಾಯಿತು.

ನಾಲ್ಕು ತಿಂಗಳು ಚೆನ್ನಾಗಿತ್ತು. ಆಮೇಲೆ ಬಾಳೆ ಬೆಳೆದು ಡಿಶ್‌ನ ಎತ್ತರಕ್ಕೆ ಬಂತು. ಮಳೆ ಬಂದು ಎಲೆ ಒದ್ದೆಯಾದರೆ ಚಿತ್ರ ನಿಂತುಬಿಡುತ್ತಿತ್ತು. 5 ಸೆಂಟಿಮೀಟರ್ ಅಲೆಯನ್ನು ನೀರು ತುಂಬಿದ ಎಲೆ ಚೆನ್ನಾಗಿ ಹೀರುತ್ತೆ. ಕಣ್ಣಿಗೆ ಕಂಡರೆ ಸಾಲದು, ನೋಟದ ಗೆರೆಯ ಸುತ್ತಲೂ ಜಾಗ ಬೇಕು. ಗುಂಡಿನಿಂದ ಮೋಟರ್ ಮನೆಗಿರುವ 400 ಮೀಟರ್ ದಾರಿಯ ನಡುವೆ ಅದು ಸುಮಾರು 2.3 ಮೀಟರ್. ಮೋಟರ್ ಮನೆಯ ಪೈಪನ್ನು ಹತ್ತು ಅಡಿ ಏರಿಸಿದ ಮೇಲೆ ಚಿತ್ರ ನಿಂತಿಲ್ಲ.