ಶಾಲೆಯ ಡಬರಿಗೆ ಮನೆಯ ಜೋಳ: ಖಾಸಗಿ ಶಾಲೆಯಲ್ಲಿ ಬಿಸಿಯೂಟ ಶುರು ಮಾಡುವುದು ಹೇಗೆ?

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸಣ್ಣ ಖಾಸಗಿ ಶಾಲೆಗಳಲ್ಲಿ ಮಧ್ಯಾಹ್ನ ಡಬ್ಬಿ ತೆರೆದರೆ ಹೆಚ್ಚಾಗಿ ಕಾಣುವುದು ಬೆಳಿಗ್ಗೆ ಏಳಕ್ಕೇ ಕಲಸಿಟ್ಟ ಚಿತ್ರಾನ್ನ, ಪಕ್ಕದಲ್ಲೊಂದು ಕುರುಕಲು ಪೊಟ್ಟಣ. ಅದೇ ಊರಿನ ಸರ್ಕಾರಿ ಶಾಲೆಯ ಮಕ್ಕಳು ಬಿಸಿ ಊಟ ಮಾಡುತ್ತಿರುತ್ತಾರೆ. ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದೇ ರಾಯಚೂರು, ಬಳ್ಳಾರಿ, ಕೊಪ್ಪಳ ಸೇರಿದ ಈ ಭಾಗದ ಜಿಲ್ಲೆಗಳಲ್ಲಿ. ಆದರೆ ಆ ಯೋಜನೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗಷ್ಟೇ. ಅನುದಾನವಿಲ್ಲದ ಶಾಲೆ ಬಿಸಿಯೂಟ ಕೊಡಬೇಕೆಂದರೆ ಎಲ್ಲವನ್ನೂ ತಾನೇ ಹೊಂದಿಸಿಕೊಳ್ಳಬೇಕು. 1ರಿಂದ 5ನೇ ತರಗತಿಯ 100 ಮಕ್ಕಳನ್ನು ಲೆಕ್ಕಕ್ಕಿಟ್ಟುಕೊಂಡು ಅದನ್ನು ಮಾಡುವ ಬಗೆ ಇಲ್ಲಿದೆ.

ಮೊದಲು ತಕ್ಕಡಿ, ಆಮೇಲೆ ಒಲೆ

ಸರ್ಕಾರದ ಅಳತೆಯನ್ನು ಆಧಾರವಾಗಿ ಇಟ್ಟುಕೊಳ್ಳಿ. ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇದರಿಂದ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. 6ರಿಂದ 8ನೇ ತರಗತಿಗೆ ಸಾಮಗ್ರಿ ಎಲ್ಲವೂ ಒಂದೂವರೆ ಪಟ್ಟು, ಅದರಿಂದ 700 ಕ್ಯಾಲರಿ, 20 ಗ್ರಾಂ ಪ್ರೋಟೀನ್ ಸಿಗಬೇಕು. ನಮ್ಮ ಸಲಹೆ ಏನೆಂದರೆ, ಧಾನ್ಯವನ್ನು 70–80 ಗ್ರಾಂಗೆ ಇಳಿಸಿ, ಬೇಳೆಕಾಳನ್ನು 25–30 ಗ್ರಾಂಗೆ ಏರಿಸಿ, ಮೇಲೆ 10 ಗ್ರಾಂ ಶೇಂಗಾ ಕೊಡಿ. ತುಂಗಭದ್ರಾ ಕಾಲುವೆಯ ಸೋನಾ ಮಸೂರಿ ಈ ಭಾಗದಲ್ಲಿ ಸುಲಭವಾಗಿ ಸಿಗುವುದರಿಂದ ತಟ್ಟೆ ತುಂಬ ಅನ್ನ, ಮೇಲೆ ತಿಳಿ ಸಾರು ಎನ್ನುವಂತಾಗಿಬಿಡುತ್ತದೆ. ಹೊಟ್ಟೆ ತುಂಬುತ್ತದೆ, ಮಗು ಬೆಳೆಯಲು ಬೇಕಾದದ್ದು ಸಿಗುವುದಿಲ್ಲ.

ಸಾರು ತೆಳ್ಳಗಾಗುವುದಕ್ಕೆ ಬೇಳೆ ಕಡಿಮೆ ಹಾಕಿದ್ದೇ ಕಾರಣ ಆಗಿರಬೇಕಿಲ್ಲ. ಸಾಲದಾದೀತೆಂದು ಕೊನೆಯಲ್ಲಿ ಒಂದು ಕೊಡ ನೀರು ಸುರಿಯುವುದು ಎಲ್ಲ ಅಡುಗೆಮನೆಯ ಅಭ್ಯಾಸ. ಮಗುವಿಗೆ 150 ಮಿಲಿಲೀಟರ್‌ನಂತೆ 100 ಮಕ್ಕಳಿಗೆ 15 ಲೀಟರ್ ಸಾರು ಸಾಕು. ಡಬರಿಗೆ (ಅಡುಗೆಯ ದೊಡ್ಡ ಪಾತ್ರೆಗೆ) 15 ಲೀಟರ್ ನೀರು ಅಳೆದು ಹಾಕಿ, ಒಂದು ಕೋಲು ಅದ್ದಿ ಗುರುತು ಕೊರೆದಿಟ್ಟುಕೊಳ್ಳಿ. ಸಾರು ಆ ಗುರುತು ದಾಟಬಾರದು. ಇನ್ನೊಂದು ಮಾತು: ಬೇಳೆ ತಳಕ್ಕೆ ಇಳಿಯುತ್ತದೆ. ಕಲಕದೆ ಮೇಲಿನದನ್ನಷ್ಟೇ ಎತ್ತಿ ಬಡಿಸುತ್ತಾ ಹೋದರೆ ಮೊದಲ ಸಾಲಿಗೆ ನೀರು, ಕೊನೆಯ ಸಾಲಿಗೆ ಬೇಳೆ. ಪ್ರತಿ ಸೌಟಿಗೂ ತಳದಿಂದ ಕಲಕಿ ಎತ್ತಬೇಕು.

ವಾರಕ್ಕೆ ಎರಡು ದಿನದಿಂದ ಶುರು

ಮೊದಲ ತಿಂಗಳು ಮಂಗಳವಾರ, ಗುರುವಾರ ಮಾತ್ರ ಅಡುಗೆ ಮಾಡಿ. ಐದು ದಿನವೂ ಒಮ್ಮೆಲೇ ಶುರು ಮಾಡಿದ ಕಡೆ ಎರಡನೇ ವಾರದಲ್ಲಿ ಅಡುಗೆಯವರು ಸುಸ್ತಾಗಿ ಪಲಾವಿಗೆ ಇಳಿಯುತ್ತಾರೆ, ಅಲ್ಲಿಂದ ಮೇಲೇಳುವುದು ಕಷ್ಟ. 100 ಮಕ್ಕಳಿಗೆ ಇಬ್ಬರು ಅಡುಗೆಯವರು, ಪಾತ್ರೆ ತೊಳೆಯಲು ಒಬ್ಬರು ಬೇಕು. ಶಾಲೆಯೇ ಊಟ ಕೊಡುವುದಾದರೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದಲ್ಲಿ ನೋಂದಣಿ ಅಥವಾ ಪರವಾನಗಿ ಕಡ್ಡಾಯ. ಶಾಲಾ ಮಕ್ಕಳ ಆಹಾರದ ಬಗ್ಗೆ ಪ್ರಾಧಿಕಾರ 2020ರಲ್ಲಿ ಮಾಡಿದ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಒಳಗೂ ಗೇಟಿನಿಂದ 50 ಮೀಟರ್ ಒಳಗೂ ಮಾರುವಂತಿಲ್ಲ. ಕುರುಕಲು ಪೊಟ್ಟಣದ ಅಂಗಡಿಯವರ ಹತ್ತಿರ ಮಾತಾಡಲು ಮುಖ್ಯ ಶಿಕ್ಷಕರಿಗೆ ಇದೇ ಆಧಾರ.

ರೊಟ್ಟಿ ಬೇಕು, ಬಡಿಯುವವರು ಯಾರು?

ಜೋಳ ಎಂದ ಕೂಡಲೇ ಪಾಲಕರು ರೊಟ್ಟಿ ಕೇಳುತ್ತಾರೆ. ನೂರು ಮಕ್ಕಳಿಗೆ ನೂರೈವತ್ತು ಬಿಸಿ ರೊಟ್ಟಿ ಬಡಿಯುವುದು ಇಬ್ಬರ ಕೈಲಿ ಆಗದ ಕೆಲಸ. ಇದಕ್ಕೆ ಎರಡು ದಾರಿಗಳಿವೆ.

ಒಂದು, ಜೋಳದ ನುಚ್ಚು. 100 ಮಕ್ಕಳಿಗೆ 7 ಕಿಲೋ. ಜರಡಿ ಹಿಡಿದು ಹಿಟ್ಟು ಬೇರೆ ಮಾಡಿ. ಹಿಟ್ಟು ಉಳಿದರೆ ಗಂಟು ಕಟ್ಟುತ್ತದೆ. ಒಂದು ಗಂಟೆ ನೆನೆಸಿ. ಒಂದು ಅಳತೆ ನುಚ್ಚಿಗೆ 3 ಅಳತೆ ನೀರು, ಮೆತ್ತಗೆ ಬೇಕಿದ್ದರೆ 4. 50 ಲೀಟರಿನ ಒಂದೇ ಡಬರಿಗಿಂತ 25 ಲೀಟರಿನ ಎರಡು ಒಳ್ಳೆಯದು, ಯಾಕೆಂದರೆ ಆಳದ ಪಾತ್ರೆಯಲ್ಲಿ ತಳಕ್ಕೆ ಕೋಲು ತಾಗದೆ ಸೀಯುತ್ತದೆ. ನೀರು ಮರಳಿದ ಮೇಲೆ ನುಚ್ಚು ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ, ಮುಚ್ಚಿ ಹತ್ತು ನಿಮಿಷ ಬಿಡಿ. ನುಚ್ಚು ಆರಿದರೆ ಹೆಂಟೆಯಂತೆ ಗಟ್ಟಿಯಾಗುತ್ತದೆ, ಮಕ್ಕಳು ಬಿಡುವುದೂ ಆವಾಗಲೇ. ಹಾಗಾಗಿ ಊಟದ ಗಂಟೆಗೆ 15 ನಿಮಿಷ ಮುಂಚೆ ಒಲೆಯಿಂದ ಇಳಿಯುವ ಹಾಗೆ ಸಮಯ ಹೊಂದಿಸಿ. ಜೊತೆಗೆ ಹೆಸರುಕಾಳಿನ ಪಲ್ಯ (ಒಣ ಕಾಳು 3 ಕಿಲೋ) ಮತ್ತು ಮಜ್ಜಿಗೆ. ಈ ತಟ್ಟೆಯಲ್ಲಿ ನುಚ್ಚು, ಕಾಳು ಎರಡರಿಂದಲೇ ಮಗುವಿಗೆ ಸುಮಾರು 14 ಗ್ರಾಂ ಪ್ರೋಟೀನ್ ಸಿಗುತ್ತದೆ.

ಎರಡನೆಯದು ಕಟಕ ರೊಟ್ಟಿ, ಅಂದರೆ ಒಣಗಿಸಿ ಗರಿಗರಿ ಮಾಡಿದ ಜೋಳದ ರೊಟ್ಟಿ. ಊರಿನ ಮಹಿಳಾ ಸ್ವಸಹಾಯ ಸಂಘಕ್ಕೆ ಹೇಳಿ ಮಾಡಿಸಿ. ಎಣಿಕೆಯಲ್ಲಿ ಕೊಳ್ಳಬೇಡಿ, ತೂಕದಲ್ಲಿ ಕೊಳ್ಳಿ: ಮಗುವಿಗೆ 80 ಗ್ರಾಂ, ಒಟ್ಟು 8 ಕಿಲೋ. ಮಳೆಗಾಲದಲ್ಲಿ ಮೆತ್ತಗಾಗಿ ಬೂಸ್ಟು ಹಿಡಿಯುವುದರಿಂದ ಹತ್ತು ದಿನಕ್ಕಿಂತ ಹೆಚ್ಚಿನ ದಾಸ್ತಾನು ಬೇಡ. ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಒಂದು, ಎರಡನೇ ತರಗತಿಯವರಿಗೆ ಮುಂದಿನ ಹಲ್ಲೇ ಇರುವುದಿಲ್ಲ. ಅವರ ತಟ್ಟೆಯಲ್ಲಿ ರೊಟ್ಟಿ ಮುರಿದು ಬಿಸಿ ಪಲ್ಯ ಹಾಕಿ ಹತ್ತು ನಿಮಿಷ ನೆನೆಯಲು ಬಿಡಿ.

ಕಟಕ ರೊಟ್ಟಿಗೆ ಪುಂಡಿ ಎಂಬ ಹುಳಿ ಸೊಪ್ಪಿನ ಪಲ್ಯದಂಥ ಜೋಡಿ ಇನ್ನೊಂದಿಲ್ಲ. 100 ಮಕ್ಕಳಿಗೆ ಬಿಡಿಸಿದ ಸೊಪ್ಪು 3 ಕಿಲೋ (ದಂಟು ಸಮೇತ 5 ಕಿಲೋ ತರಬೇಕು), ತೊಗರಿಬೇಳೆ ಎರಡೂವರೆ ಕಿಲೋ, ನೆನೆಸಿದ ಜೋಳದ ನುಚ್ಚು 700 ಗ್ರಾಂ, ಬೆಳ್ಳುಳ್ಳಿ 150 ಗ್ರಾಂ, ಹಸಿಮೆಣಸಿನಕಾಯಿ 100 ಗ್ರಾಂ, ಶೇಂಗಾ ಎಣ್ಣೆ 400 ಗ್ರಾಂ. ಸೊಪ್ಪನ್ನು ಬೇರೆಯಾಗಿ ಕುದಿಸಿ ಮೊದಲ ನೀರು ಬಸಿದರೆ ಹುಳಿ ತಗ್ಗುತ್ತದೆ. ಸಣ್ಣವರಿಗೆ ಹುಳಿ ಆಗದಿದ್ದರೆ ಅರ್ಧ ಪುಂಡಿ, ಅರ್ಧ ರಾಜಗಿರಿ ಸೊಪ್ಪು ಹಾಕಿ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡವೇ ಬೇಡ: ಹುಳಿ ಸೊಪ್ಪು ಲೋಹವನ್ನು ತಿನ್ನುತ್ತದೆ, ಪಲ್ಯ ಕಪ್ಪಾಗುತ್ತದೆ. ಸ್ಟೀಲ್ ಪಾತ್ರೆಯೇ ಆಗಬೇಕು.

ಮುಂದೆ ದಿನಗಳು ಹೆಚ್ಚಿದಾಗ ಒಂದು ದಿನ ಅನ್ನ ಮತ್ತು ಸೊಪ್ಪಿನ ಬೇಳೆ ಸಾರು, ಒಂದು ದಿನ ನವಣೆ ಮತ್ತು ಹೆಸರುಬೇಳೆಯ ಕಿಚಡಿ, ಒಂದು ದಿನ ತರಕಾರಿ ಸಾಂಬಾರಿನ ಜೊತೆ ಮೊಟ್ಟೆ ಸೇರಿಸಿ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ. ಆದರೆ ಅವರಿಗೆ ಬೇರೆ ಸಾಲು ಬೇಡ. ಮೊಟ್ಟೆಯ ಹೆಸರಲ್ಲಾಗಲಿ, ಜಾತಿಯ ಹೆಸರಲ್ಲಾಗಲಿ, ಅಡುಗೆ ಮಾಡಿದವರು ಯಾರೆಂಬ ಮಾತಿನಲ್ಲಾಗಲಿ ಒಂದು ಮಗು ಪಂಕ್ತಿಯಿಂದ ಏಳುವಂತಾದರೆ ಆ ಊಟ ಕೆಟ್ಟಂತೆಯೇ. ಇದನ್ನು ಪಾಲಕರ ಮೊದಲ ಸಭೆಯಲ್ಲೇ ಹೇಳಿಬಿಡಬೇಕು.

ಮೊದಲು ಹೇಳಿದ 10 ಗ್ರಾಂ ಶೇಂಗಾವನ್ನು ಚಟ್ನಿ ಪುಡಿ ಮಾಡಿ ಕೊಡುವುದಾದರೆ, ಕಾಳು ಆರಿಸುವಾಗ ಸುಕ್ಕಿದ, ಕಪ್ಪಾದ, ಬೂಸ್ಟು ಹಿಡಿದ ಕಾಳನ್ನು ಎಸೆಯಿರಿ. ಆ ಬೂಸ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಶೇಂಗಾ ಒಗ್ಗದ ಮಕ್ಕಳಿದ್ದಾರೆಯೇ ಎಂದು ಪ್ರವೇಶದ ಅರ್ಜಿಯಲ್ಲೇ ಕೇಳಿಡಿ. 100 ಮಕ್ಕಳ ಸಾರಿಗೆ 25 ನಿಂಬೆಹಣ್ಣು ಹಿಂಡಿ, ಒಲೆ ಆರಿಸಿದ ಮೇಲೆ. ಸೊಪ್ಪು, ಕಾಳಿನ ಕಬ್ಬಿಣದ ಅಂಶ ಮೈಗೆ ಹತ್ತಲು ನಿಂಬೆ ನೆರವಾಗುತ್ತದೆ. ಕುದಿಸಿದರೆ ಅದರ ವಿಟಮಿನ್ ಸಿ ನಾಶವಾಗುತ್ತದೆ.

ನೀರು: ಇಲ್ಲಿ ತಪ್ಪಬೇಡಿ

ಈ ಮೂರೂ ಜಿಲ್ಲೆಗಳ ಬಹಳಷ್ಟು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯಲು ಮಾತ್ರ ಶುದ್ಧ ನೀರಿನ ಘಟಕದ ಕ್ಯಾನ್ ತರಿಸಿ, ಅಡುಗೆಗೆ ಕೊಳವೆಬಾವಿಯ ನೀರು ಬಳಸುವುದು ಸಾಮಾನ್ಯ ತಪ್ಪು. ನುಚ್ಚು, ಬೇಳೆ ತಮಗೆ ಹಾಕಿದ ನೀರನ್ನೆಲ್ಲ ಹೀರಿಕೊಂಡು ಮಗುವಿನ ಹೊಟ್ಟೆಗೇ ಒಯ್ಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ದಟ್ಟವಾಗುತ್ತದೆ. ಅಡುಗೆಮನೆ ಕಟ್ಟುವ ಮೊದಲೇ ನೀರಿನ ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, 1.5 ದಾಟಿದರೆ ಅಡುಗೆಗೂ ಬೇಡ. ಅಡುಗೆ, ಕುಡಿಯಲು ಸೇರಿ 100 ಮಕ್ಕಳಿಗೆ ದಿನಕ್ಕೆ ಸುಮಾರು 100 ಲೀಟರ್ ಒಳ್ಳೆಯ ನೀರು ಬೇಕಾಗುತ್ತದೆ. ಪಾತ್ರೆ ತೊಳೆಯಲು ಕೊಳವೆಬಾವಿ ನೀರು ನಡೆಯುತ್ತದೆ.

ದಾಸ್ತಾನು ಮತ್ತು ರುಚಿ ನೋಡುವ ಕೆಲಸ

2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಊಟ ಮಾಡಿ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಕೀಟನಾಶಕ ಸೇರಿತ್ತು. ಭತ್ತ, ಹತ್ತಿ, ಮೆಣಸಿನಕಾಯಿಗೆ ಔಷಧಿ ಹೊಡೆಯುವ ನಮ್ಮ ಊರುಗಳಲ್ಲಿ ಖಾಲಿ ಡಬ್ಬಿಯನ್ನು ತೊಳೆದು ಮನೆಗೆ ಬಳಸುವ ರೂಢಿ ಇನ್ನೂ ಇದೆ. ಶಾಲೆಯ ಉಗ್ರಾಣಕ್ಕೆ ಮನೆಯಿಂದ ತಂದ ಯಾವ ಡಬ್ಬಿಯೂ ಬರಬಾರದು. ಎಣ್ಣೆ ಮುದ್ರೆ ಒಡೆಯದ ಪ್ಯಾಕೆಟ್ಟಿನಲ್ಲೇ ಬರಲಿ. ಫಿನಾಯಿಲ್, ಇಲಿ ಪಾಷಾಣ ಬೇರೆ ಕೋಣೆಯಲ್ಲಿರಲಿ. ಮೂಟೆಗಳು ನೆಲದಿಂದ ಒಂದು ಗೇಣು ಎತ್ತರದ ಹಲಗೆಯ ಮೇಲಿರಲಿ, ಗೋಡೆಗೆ ತಾಗದಿರಲಿ.

ಬಡಿಸುವ ಅರ್ಧ ಗಂಟೆ ಮೊದಲು (ನುಚ್ಚನ್ನಾದರೆ ಒಲೆಯಿಂದ ಇಳಿಸಿದ ಕೂಡಲೇ) ಒಬ್ಬ ಶಿಕ್ಷಕರು ಸೇರಿ ಇಬ್ಬರು ದೊಡ್ಡವರು ಉಂಡು ನೋಡಿ ಪುಸ್ತಕದಲ್ಲಿ ಸಹಿ ಮಾಡಬೇಕು. ವಾಸನೆ ಅಥವಾ ಕಹಿ ಅನ್ನಿಸಿದರೆ ಅಂದಿನ ಊಟ ನಿಲ್ಲಿಸುವ ಅಧಿಕಾರ ಅವರಿಗಿರಲಿ. ಆ ದಿನಕ್ಕೆಂದು ಬಾಳೆಹಣ್ಣು, ಚಿಕ್ಕಿಯ ಏರ್ಪಾಡು ಮೊದಲೇ ಮಾಡಿಟ್ಟುಕೊಳ್ಳಿ. ಪ್ರತಿ ಅಡುಗೆಯ ಒಂದು ಬಟ್ಟಲನ್ನು ಫ್ರಿಜ್ಜಿನಲ್ಲಿ 24 ಗಂಟೆ ತೆಗೆದಿಡಿ. ಉಳಿದ ಅನ್ನವನ್ನು ಮರುದಿನಕ್ಕೆ ಇಡಬೇಡಿ.

ಊಟವಾದ ಮೇಲೆ ತಟ್ಟೆಯಲ್ಲಿ ಬಿಟ್ಟದ್ದನ್ನು ಒಂದು ಬಕೆಟ್ಟಿಗೆ ಸುರಿದು ತೂಗಿ ಬರೆಯಿರಿ. ನುಚ್ಚಿನ ದಿನ ಮೊದಲೆರಡು ವಾರ ತೂಕ ಹೆಚ್ಚೇ ಬರುತ್ತದೆ, ಹೆದರಿ ಕೈಬಿಡಬೇಡಿ. ನಾಲ್ಕನೇ ವಾರವೂ ಇಳಿಯದಿದ್ದರೆ ಖಾರ, ಗಂಟು, ಆರಿದ್ದು ಈ ಮೂರರಲ್ಲಿ ಯಾವುದು ಕಾರಣವೆಂದು ಮಕ್ಕಳನ್ನೇ ಕೇಳಿ. ಬಕೆಟ್ಟಿನ ತೂಕ ಎರಡು ವಾರ ಒಂದೇ ಸಮ ಕಡಿಮೆ ಇದ್ದರೆ ಮೂರನೇ ದಿನವನ್ನು ಸೇರಿಸಬಹುದು.

ಮಾರ್ಚ್ ಬಂತೆಂದರೆ ಪದ್ಧತಿ ಬದಲಾಗಬೇಕು. ಬಿಸಿಲು ನಲವತ್ತು ಡಿಗ್ರಿ ದಾಟುವ ದಿನಗಳಲ್ಲಿ ರಾತ್ರಿ ನೆನೆಸಿದ ಹೆಸರುಕಾಳು ಬೆಳಗಿನೊಳಗೆ ಲೋಳೆಯಾಗಿ ಹುಳಿ ಬರುತ್ತದೆ; ನಸುಕಿನ ನಾಲ್ಕಕ್ಕೆ ನೆನೆಸಿದರೆ ಸಾಕು. ಮಜ್ಜಿಗೆಯನ್ನು ಬಡಿಸುವ ಹೊತ್ತಿಗೇ ಕಡೆಯಿರಿ, ಮಣ್ಣಿನ ಗಡಿಗೆಯಲ್ಲಿಡಿ. ಬೆಳಗಿನ ಶಾಲೆ ಶುರುವಾದ ಮೇಲೆ ಊಟದ ಗಂಟೆ ಹನ್ನೊಂದಕ್ಕೆ ಬರುವುದಾದರೆ ಒಲೆ ಏಳೂವರೆಗೆ ಹತ್ತಬೇಕು. ಅಡುಗೆಯವರಿಗೆ ಅದನ್ನು ಒಂದು ವಾರ ಮುಂಚೆ ತಿಳಿಸಿ.